ಬಟ್ಟೆ ಒಣಗಿಸುವ ಯಂತ್ರವೂ ಸುಳ್ಳು ಹೇಳಿದ ಉಷ್ಣಮಾಪಕವೂ

ಬಾಣಾವರದಲ್ಲಿ ಬಟ್ಟೆ ಒಣಗಿಸಲು ಯಂತ್ರವೊಂದು ಬೇಕೆಂದರೆ ಕೇಳಿದವರು ನಕ್ಕಾರು. ಅರಸೀಕೆರೆಗೂ ಕಡೂರಿಗೂ ನಡುವೆ, ರೈಲುದಾರಿಯ ಮಗ್ಗುಲಲ್ಲಿರುವ ಈ ಊರು ಮಲೆನಾಡಿನದಲ್ಲ, ಬಯಲುಸೀಮೆಯದು. ವರ್ಷದ ಬಹುಭಾಗ ಹಿತ್ತಿಲಿನ ತಂತಿಯ ಮೇಲೆ ಹರವಿದ ಪಂಚೆ ನೋಡನೋಡುತ್ತಿರುವಾಗಲೇ ಗರಿಗರಿಯಾಗುತ್ತದೆ. ಒಣಗಿಸುವ ವಿದ್ಯೆಯೂ ಇಲ್ಲಿಯವರಿಗೆ ಹೊಸದಲ್ಲ. ತೆಂಗಿನಕಾಯಿಯನ್ನು ಅಟ್ಟಕ್ಕೇರಿಸಿ, ಹತ್ತು ಹನ್ನೆರಡು ತಿಂಗಳು ತಾಳ್ಮೆಯಿಂದ ಕಾದು, ಒಳಗಿನ ನೀರೆಲ್ಲ ಆರಿದ ಮೇಲೆ ಉಂಡೆಕೊಬ್ಬರಿಯನ್ನು ತೆಗೆಯುವ ಜನ ಇವರು. ಆದರೂ ಆಷಾಢದ ಜಡಿಮಳೆ ಹಿಡಿದು, ಮೂರು ನಾಲ್ಕು ದಿನ ಸೂರ್ಯನ ಮುಖವೇ ಕಾಣದೆ ಹೋದಾಗ, ತಂತಿಯ ಮೇಲಿನ ಬಟ್ಟೆ ಎಷ್ಟು ಹೊತ್ತಾದರೂ ತಣ್ಣಗೆ ಜೋತುಬಿದ್ದೇ ಇರುತ್ತದೆ. ಮನೆಯಲ್ಲಿ ಹಸುಗೂಸೋ ಹಾಸಿಗೆ ಹಿಡಿದ ರೋಗಿಯೋ ಇದ್ದರಂತೂ ಆ ದಿನಗಳ ಕಷ್ಟವನ್ನು ಅನುಭವಿಸಿದವರೇ ಬಲ್ಲರು.

ಬಾಣಾವರದಲ್ಲಿರುವ ನಮ್ಮ ಸೋದರಮಾವನವರ ಮನೆಯಲ್ಲಿ ಹೀಗೆಯೇ ಆಯಿತು. ಅತ್ತೆಯವರು ಪಾರ್ಶ್ವವಾಯುವಿನಿಂದ ಮಲಗಿದ್ದರು. ದಿನಕ್ಕೆ ನಾಲ್ಕೈದು ಹಾಸುಬಟ್ಟೆಗಳನ್ನು ಒಗೆದು ಒಣಗಿಸಬೇಕಾಗಿತ್ತು. ಮಗನು ಬೆಂಗಳೂರಿನಿಂದ ಒಣಗಿಸುವ ಯಂತ್ರವೊಂದನ್ನು ತಂದು ಬಚ್ಚಲಮನೆಯ ಪಕ್ಕದ ಸಾರಿನಲ್ಲಿ ಇರಿಸಿಕೊಟ್ಟನು. ಎರಡು ಮಳೆಗಾಲ ಅದು ನಿಷ್ಠೆಯಿಂದ ದುಡಿಯಿತು. ಮೂರನೆಯ ವರ್ಷ ಬಟ್ಟೆಗಳು ಸೀದ ವಾಸನೆಯೊಡನೆ ಹೊರಬರತೊಡಗಿದುವು. ಒಂದು ರಾತ್ರಿ ಯಂತ್ರದ ಕಾವು ನಿಂತೇಹೋಯಿತು. ರಿಪೇರಿಗೆ ಬಂದ ಒಬ್ಬರು ಉಷ್ಣತೆಯನ್ನು ಅರಿಯುವ ಭಾಗವನ್ನು ಅಳೆದುನೋಡಿ, ಅದು ಸರಿಯಾಗಿದೆಯೆಂದೂ, ಆದಕಾರಣ ಯಂತ್ರದ ನಿಯಂತ್ರಣ ಫಲಕವನ್ನೇ ಬದಲಾಯಿಸಬೇಕೆಂದೂ ಹೇಳಿದರು. ಅದರ ಬೆಲೆಯನ್ನು ಕೇಳಿ ಮಾವನವರು ಸುಮ್ಮನಾದರು. ಇನ್ನೊಬ್ಬರು, “ಒಳಗೆ ಒಂದು ಫ್ಯೂಸು ಹೋಗಿದೆ ಯಜಮಾನರೆ, ತಂತಿ ಹಾಕಿ ಡೈರೆಕ್ಟ್ ಮಾಡಿಕೊಡುತ್ತೇನೆ, ಐದು ನಿಮಿಷದ ಕೆಲಸ” ಎಂದರಂತೆ. “ನೀನು ಕಾಲೇಜಿನಲ್ಲಿ ಇದನ್ನೇ ಅಲ್ಲವೇನಪ್ಪ ಪಾಠ ಹೇಳುವುದು? ಬಂದು ನೋಡಿ ಹೋಗು” ಎಂದು ಮಾವನವರು ನಮಗೆ ಹೇಳಿ ಕಳುಹಿಸಿದರು.

ಈ ಎರಡು ಸಲಹೆಗಳಲ್ಲಿ ಮೊದಲನೆಯದು ದುಬಾರಿ, ಎರಡನೆಯದು ಪ್ರಾಣಾಂತಿಕ. ಎರಡೂ ಏಕೆ ತಪ್ಪೆಂಬುದನ್ನು ತಿಳಿಯಬೇಕಾದರೆ ಯಂತ್ರದ ಒಡಲನ್ನು ಸ್ವಲ್ಪ ಅರಿಯಬೇಕು.

ಯಂತ್ರ ಮಾಡುವ ಕೆಲಸ

ಬಟ್ಟೆ ಒಣಗುವುದೆಂದರೆ ಅದರಲ್ಲಿನ ನೀರು ಆವಿಯಾಗಿ ಗಾಳಿಯಲ್ಲಿ ಸೇರಿಹೋಗುವುದು. ಇದಕ್ಕೆ ಎರಡು ಅನುಕೂಲಗಳು ಬೇಕು: ನೀರನ್ನು ಆವಿಯಾಗಿಸಲು ಶಾಖ, ಆವಿಯನ್ನು ಹೊರಲು ಗಾಳಿ. ಒಂದು ಲೀಟರು ನೀರನ್ನು ಆವಿ ಮಾಡಲು ಸುಮಾರು 24 ಲಕ್ಷ ಜೂಲ್‌ಗಳಷ್ಟು ಶಾಖ ಬೇಕು. ವಿದ್ಯುತ್ತಿನ ಲೆಕ್ಕದಲ್ಲಿ ಇದು ಒಂದು ಯೂನಿಟ್ಟಿನ ಮೂರರಲ್ಲಿ ಎರಡು ಪಾಲು. ಇನ್ನು ಗಾಳಿಯ ಮಾತು. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನಮೀಟರು ಗಾಳಿಯು ಹೆಚ್ಚೆಂದರೆ 17 ಗ್ರಾಂ ನೀರಾವಿಯನ್ನು ಹೊತ್ತೀತು. ಅದನ್ನೇ 60 ಡಿಗ್ರಿಗೆ ಕಾಯಿಸಿದರೆ 130 ಗ್ರಾಂನಷ್ಟನ್ನು ಹೊರಬಲ್ಲದು. ಆಷಾಢದ ಗಾಳಿಯ ಹೊರೆ ಮೊದಲೇ ತುಂಬಿರುತ್ತದೆ. ನಮ್ಮ ಬಟ್ಟೆಯ ನೀರಿಗೆ ಅದರಲ್ಲಿ ಜಾಗವಿಲ್ಲ. ಕಾಯಿಸಿದಾಗ ಜಾಗ ದೊರೆಯುತ್ತದೆ.

ಯಂತ್ರವು ಮಾಡುವುದು ಇಷ್ಟೆ. ಫ್ಯಾನು ಹೊರಗಿನ ಗಾಳಿಯನ್ನು ಸೆಳೆದು ಹೀಟರಿನ ಮೇಲೆ ಹಾಯಿಸುತ್ತದೆ. ಕಾದ ಗಾಳಿಯು ನಿಧಾನವಾಗಿ ತಿರುಗುವ ಡ್ರಮ್ಮಿನೊಳಗೆ ಬಟ್ಟೆಗಳ ನಡುವೆ ನುಸುಳಿ, ಆವಿಯನ್ನು ಹೊತ್ತು, ಒಂದು ಜಾಲರಿಯ ಮೂಲಕ ಹೊರಬೀಳುತ್ತದೆ. ಬಟ್ಟೆಯಿಂದ ಉದುರುವ ನೂಲುಧೂಳನ್ನು ಆ ಜಾಲರಿಯು ತಡೆದಿಡುತ್ತದೆ. ಜಾಲರಿಯ ಆಚೆ, ಹೊರಹೋಗುವ ಗಾಳಿಯ ದಾರಿಯಲ್ಲಿ, ಗಾಳಿಯ ಉಷ್ಣತೆಯನ್ನು ಅರಿತು ಫಲಕಕ್ಕೆ ತಿಳಿಸುವ ಚಿಕ್ಕ ಮಣಿಯೊಂದಿರುತ್ತದೆ. ನಿಗದಿಯಾದ ಉಷ್ಣತೆ ಬಂದೊಡನೆ ಫಲಕವು ಹೀಟರನ್ನು ಆರಿಸುತ್ತದೆ, ಇಳಿದೊಡನೆ ಹೊತ್ತಿಸುತ್ತದೆ. ನಾವು ನೋಡಿದ ಯಂತ್ರದಲ್ಲಿ ಈ ಮಿತಿ 60 ಡಿಗ್ರಿಯಾಗಿತ್ತು.

ಇದಲ್ಲದೆ ಹೀಟರಿನ ಹತ್ತಿರ ಇಬ್ಬರು ಕಾವಲುಗಾರರಿರುತ್ತಾರೆ. ಮೊದಲನೆಯದು ಎರಡು ಲೋಹಗಳ ಪಟ್ಟಿಯಿಂದಾದ ಸ್ವಿಚ್ಚು. ಕಾವು ಮೀರಿದಾಗ ಪಟ್ಟಿ ಬಾಗಿ ವಿದ್ಯುತ್ತನ್ನು ಕಡಿಯುತ್ತದೆ. ತಣಿದಾಗ ಮತ್ತೆ ಕೂಡಿಸುತ್ತದೆ. ಎರಡನೆಯದು ಒಮ್ಮೆ ಕಡಿದರೆ ಮತ್ತೆ ಕೂಡದ ಉಷ್ಣ ಫ್ಯೂಸು. ಮಣಿಯೂ ಮೊದಲ ಕಾವಲುಗಾರನೂ ಕೈಬಿಟ್ಟಾಗ ಮನೆಯನ್ನು ಕಾಯುವುದು ಇದೊಂದೇ.

ಉಷ್ಣವನ್ನರಿಯುವ ಮಣಿ

ಈ ಮಣಿಗೆ ಥರ್ಮಿಸ್ಟರ್ ಎಂದು ಹೆಸರು. ಇದರ ಕಥೆ ಫ್ಯಾರಡೆಯಿಂದ ಆರಂಭವಾಗುತ್ತದೆ. ಲೋಹಗಳನ್ನು ಕಾಯಿಸಿದರೆ ಅವುಗಳ ವಿದ್ಯುದ್ರೋಧ ಹೆಚ್ಚುತ್ತದೆ. ತಾಮ್ರದಲ್ಲಿ ಡಿಗ್ರಿಯೊಂದಕ್ಕೆ ನೂರಕ್ಕೆ 0.4ರಷ್ಟು. ಆದರೆ 1833ರಲ್ಲಿ ಮೈಕೇಲ್ ಫ್ಯಾರಡೆಯು ಬೆಳ್ಳಿಯ ಸಲ್ಫೈಡನ್ನು ಪರೀಕ್ಷಿಸುವಾಗ ಇದಕ್ಕೆ ತದ್ವಿರುದ್ಧವಾದ ನಡವಳಿಕೆಯನ್ನು ಕಂಡನು: ಕಾಯಿಸಿದಷ್ಟೂ ಅದು ವಿದ್ಯುತ್ತಿಗೆ ಸುಲಭವಾಗಿ ದಾರಿಕೊಟ್ಟಿತು. ಇಂದು ಅರೆವಾಹಕಗಳೆಂದು ಕರೆಯುವ ವಸ್ತುಗಳ ಗುಣ ಇದು. ಅವುಗಳಲ್ಲಿ ಎಲೆಕ್ಟ್ರಾನುಗಳು ಪರಮಾಣುಗಳಿಗೆ ಅಂಟಿಕೊಂಡಿರುತ್ತವೆ; ಶಾಖವು ಅವನ್ನು ಬಿಡಿಸಿ ಸಂಚಾರಕ್ಕೆ ಕಳುಹಿಸುತ್ತದೆ. ಆ ಬಳಿಕ ಸುಮಾರು ನೂರು ವರ್ಷಗಳ ಮೇಲೆ, 1930ರಲ್ಲಿ, ಅಮೆರಿಕದ ಸ್ಯಾಮ್ಯುಅಲ್ ರೂಬೆನ್ ಎಂಬಾತನು ವ್ಯವಹಾರಕ್ಕೆ ಒದಗುವಂತಹ ಥರ್ಮಿಸ್ಟರನ್ನು ನಿರ್ಮಿಸಿದನು. ಈಗಿನವು ಹೆಚ್ಚಾಗಿ ಮ್ಯಾಂಗನೀಸ್, ನಿಕ್ಕಲ್, ಕೋಬಾಲ್ಟ್ ಮೊದಲಾದ ಲೋಹಗಳ ಆಕ್ಸೈಡುಗಳನ್ನು ಬೆರೆಸಿ, ಒತ್ತಿ, ಸುಟ್ಟು ಮಾಡಿದವು. ಒಂದು ಬಗೆಯಲ್ಲಿ ಕುಂಬಾರನ ಕೆಲಸವೇ.

ಬಳಕೆಯಲ್ಲಿರುವ ಒಂದು ಬಗೆಯ ಮಣಿಯ ರೋಧವು ಉಷ್ಣತೆಯೊಡನೆ ಬದಲಾಗುವ ರೀತಿ ಸುಮಾರಾಗಿ ಹೀಗಿದೆ:

0 ಡಿಗ್ರಿ — 33,600 ಓಂ
25 ಡಿಗ್ರಿ — 10,000 ಓಂ
37 ಡಿಗ್ರಿ — 6,000 ಓಂ
50 ಡಿಗ್ರಿ — 3,590 ಓಂ
60 ಡಿಗ್ರಿ — 2,490 ಓಂ
75 ಡಿಗ್ರಿ — 1,490 ಓಂ

ವಾಚಕರು ಈ ಪಟ್ಟಿಯನ್ನು ಒಮ್ಮೆ ನಿಧಾನವಾಗಿ ನೋಡಬೇಕೆಂದು ಕೋರುತ್ತೇವೆ. ಏಕೆಂದರೆ ಮುಂದಿನ ಸಮಸ್ಯೆಯ ಬೀಗದ ಕೈ ಇದರಲ್ಲಿಯೇ ಅಡಗಿದೆ. ರೋಧವು ಒಂದೇ ಸಮನೆ ಇಳಿಯುವುದಿಲ್ಲ. ಮೊದಲು ಧುಮುಕುತ್ತದೆ, ಆಮೇಲೆ ತೆವಳುತ್ತದೆ. 25 ಡಿಗ್ರಿಯ ಆಸುಪಾಸಿನಲ್ಲಿ ಒಂದು ಡಿಗ್ರಿಯ ಬೆಲೆ ಸುಮಾರು 440 ಓಂ. 60ರ ಆಸುಪಾಸಿನಲ್ಲಿ ಅದು ಸುಮಾರು 90 ಓಂ ಮಾತ್ರ. 75ರಲ್ಲಿ 50ಕ್ಕೂ ತುಸು ಕಡಿಮೆ.

ಫಲಕವು ಈ ರೋಧವನ್ನು ಓದುವ ಉಪಾಯ ಸರಳವಾದದ್ದು. 10,000 ಓಮಿನ ಸ್ಥಿರರೋಧವೊಂದನ್ನು ಮಣಿಯೊಡನೆ ಸಾಲಾಗಿ ಜೋಡಿಸಿ, ಎರಡರ ಮೇಲೂ ಒಟ್ಟಿಗೆ 5 ವೋಲ್ಟುಗಳನ್ನು ಹಾಕಿರುತ್ತಾರೆನ್ನೋಣ. ಆ 5 ವೋಲ್ಟುಗಳು ರೋಧಗಳ ಪ್ರಮಾಣಕ್ಕೆ ತಕ್ಕಂತೆ ಹಂಚಿಕೆಯಾಗುತ್ತವೆ. 25 ಡಿಗ್ರಿಯಲ್ಲಿ ಮಣಿಯ ಪಾಲು ಎರಡೂವರೆ ವೋಲ್ಟು. 60 ಡಿಗ್ರಿಯಲ್ಲಿ ಹೆಚ್ಚುಕಡಿಮೆ ಒಂದು ವೋಲ್ಟು. ಫಲಕಕ್ಕೆ ಕಣ್ಣೂ ಇಲ್ಲ, ಚರ್ಮವೂ ಇಲ್ಲ. ಮಣಿಯ ಪಾಲು ಒಂದು ವೋಲ್ಟಿಗೆ ಇಳಿದಾಗ ‘60 ಡಿಗ್ರಿ ಬಂದಿತು’ ಎಂದು ಅದು ನಂಬಿ ಹೀಟರನ್ನು ಆರಿಸುತ್ತದೆ. ಆ ಒಂದು ವೋಲ್ಟಿಗೆ ಕಾರಣ ಮಣಿಯೋ ತಂತಿಯೋ ಎಂಬುದನ್ನು ಅರಿಯುವ ಶಕ್ತಿ ಅದಕ್ಕಿಲ್ಲ.

ರೋಗಲಕ್ಷಣಗಳು

ಹೀಗಿರುವಾಗ ಮಣಿಯ ಮಂಡಲದಲ್ಲಿ ಯಾವ ಯಾವ ದೋಷಗಳು ಬರಬಹುದು? ತಂತಿ ಪೂರ್ತಿಯಾಗಿ ಕಡಿದರೆ ರೋಧವು ಅಪಾರವಾಗಿ, ಹಿಮಾಲಯದ ಚಳಿಗಿಂತ ಹೆಚ್ಚಿನ ಚಳಿಯಿದೆಯೆಂದು ಫಲಕವು ತಿಳಿಯುತ್ತದೆ. ಎರಡು ತಂತಿಗಳು ಒಂದಕ್ಕೊಂದು ತಗಲಿದರೆ ರೋಧ ಸೊನ್ನೆಯಾಗಿ, ಕುಲುಮೆಯ ಕಾವಿದೆಯೆಂದು ತಿಳಿಯುತ್ತದೆ. ಇವೆರಡೂ ಅಸಂಭವವಾದ ಉತ್ತರಗಳಾದ್ದರಿಂದ ಇಂತಹ ಫಲಕಗಳು ಸಾಮಾನ್ಯವಾಗಿ ಅನುಮಾನಪಟ್ಟು ಯಂತ್ರವನ್ನು ನಿಲ್ಲಿಸಿ ದೋಷದ ಗುರುತನ್ನು ತೋರಿಸುತ್ತವೆ. ಪೂರ್ಣ ಸುಳ್ಳನ್ನು ಹಿಡಿಯುವುದು ಸುಲಭ, ಅರೆಸುಳ್ಳೇ ಅಪಾಯ.

ಅರೆಸುಳ್ಳು ಎರಡು ಬಗೆ. ತೇವದಿಂದಲೋ ಕೊಳೆಯಿಂದಲೋ ಎರಡು ತಂತಿಗಳ ನಡುವೆ ಅಡ್ಡದಾರಿಯೊಂದು ಹುಟ್ಟಿದರೆ ಒಟ್ಟು ರೋಧವು ಕಡಿಮೆಯಾಗುತ್ತದೆ. ಗಾಳಿಯ ಉಷ್ಣತೆ 45 ಡಿಗ್ರಿಯಿದ್ದಾಗ 10,000 ಓಮಿನ ಅಡ್ಡದಾರಿಯಿದ್ದರೆ, ಫಲಕಕ್ಕೆ ಅದು 54 ಡಿಗ್ರಿಗಿಂತ ಹೆಚ್ಚಾಗಿ ಕಾಣುತ್ತದೆ. ಹೀಟರು ಬೇಗ ಆರುತ್ತದೆ. ಬಟ್ಟೆ ಹಸಿಯಾಗಿಯೇ ಉಳಿಯುತ್ತದೆ. ಇದು ಬರಿಯ ಬೇಸರದ ಸಂಗತಿ. ಎರಡನೆಯ ಬಗೆಯಲ್ಲಿ, ಜೋಡಣೆಯ ಜಾಗದಲ್ಲಿ ಕಿಲುಬು ಹಿಡಿದು ಹೆಚ್ಚಿನ ರೋಧವೊಂದು ಸಾಲಿಗೆ ಸೇರಿಕೊಳ್ಳುತ್ತದೆ. ಆಗ ಇರುವುದಕ್ಕಿಂತ ತಂಪಾಗಿದೆಯೆಂದು ಫಲಕವು ನಂಬಿ, ಹೀಟರನ್ನು ಉರಿಸುತ್ತಲೇ ಹೋಗುತ್ತದೆ. ಇದು ಬೇಸರದ ಸಂಗತಿಯಲ್ಲ, ಭಯದ ಸಂಗತಿ.

ಮಾವನವರು ಹೇಳಿದ ಮಾತೊಂದು ನಮ್ಮ ಗಮನವನ್ನು ಸೆಳೆಯಿತು. “ಮೊದಲು ಮುಕ್ಕಾಲು ಗಂಟೆ ಯಾವ ವಾಸನೆಯೂ ಇರಲಿಲ್ಲ, ಕೊನೆಯಲ್ಲಿ ಮಾತ್ರ ಸೀಯುತ್ತಿತ್ತು” ಎಂದು ಅವರೆಂದರು. ಇದು ಸಹಜವೇ. ಬಟ್ಟೆಯಲ್ಲಿ ನೀರಿರುವವರೆಗೆ ಬಂದ ಶಾಖವೆಲ್ಲ ಆವಿ ಮಾಡುವುದಕ್ಕೆ ವ್ಯಯವಾಗಿ ಉಷ್ಣತೆ ಮೇಲೇರುವುದಿಲ್ಲ. ಒಲೆಯ ಮೇಲಿನ ಪಾತ್ರೆಯಲ್ಲಿ ನೀರಿರುವ ತನಕ ತಳ ಸೀಯದಷ್ಟೆ? ನೀರು ಬತ್ತಿದ ಮೇಲೆ ಶಾಖಕ್ಕೆ ಬೇರೆ ಕೆಲಸವಿಲ್ಲ. ಮಿತಿಯನ್ನು ಕಾಯುವ ಮಣಿ ಅಗತ್ಯವಾಗುವುದು ಆಗಲೇ, ಸುಳ್ಳು ಹೇಳುವ ಮಣಿ ಸಿಕ್ಕಿಬೀಳುವುದೂ ಆಗಲೇ.

ಪರೀಕ್ಷೆ

ಮೊದಲು ಯಂತ್ರದ ಪ್ಲಗ್ಗನ್ನು ಗೋಡೆಯಿಂದ ಕಿತ್ತೆವು. ಸ್ವಿಚ್ಚನ್ನು ಆರಿಸಿದರೆ ಸಾಲದು. ಮಣಿಯ ಮಂಡಲದಲ್ಲಿರುವುದು 5 ವೋಲ್ಟೇ ಆದರೂ, ಹಲವು ಫಲಕಗಳಲ್ಲಿ ಅದು ಮನೆಯ 230 ವೋಲ್ಟಿನ ತಂತಿಯಿಂದ ಬೇರ್ಪಟ್ಟಿರುವುದಿಲ್ಲ. ಆದಕಾರಣ ವಿದ್ಯುತ್ತು ಇರುವಾಗ ಅದನ್ನು ಮುಟ್ಟುವುದು ಸಲ್ಲದು. ಕೆಲಸ ಬಾರದವರು ಹಿಂಬದಿಯ ಮುಚ್ಚಳವನ್ನು ತೆರೆಯದಿರುವುದೇ ಲೇಸು.

ಮುಚ್ಚಳ ತೆರೆದಾಗ ಗಾಳಿಯ ದಾರಿಯಲ್ಲಿ ಬೆರಳು ದಪ್ಪನೆಯ ನೂಲುಧೂಳು ಕಂಡಿತು. ಫಲಕದ ಬಳಿ ಮಣಿಯ ತಂತಿಗಳನ್ನು ಬಿಡಿಸಿ, ಆ ತುದಿಯಲ್ಲಿ ಮಲ್ಟಿಮೀಟರನ್ನು ಹಿಡಿದೆವು. ಕೋಣೆಯ ಉಷ್ಣತೆ 25 ಡಿಗ್ರಿ. ಮೀಟರು 11,000 ಓಮಿನ ಸುತ್ತಮುತ್ತ ತೋರಿಸಿತು. ಪಟ್ಟಿಯ ಪ್ರಕಾರ ಅದು 10,000 ಇರಬೇಕಾಗಿತ್ತು. ಹೆಚ್ಚಾದ ಈ ಸಾವಿರವು 2 ಡಿಗ್ರಿಯ ತಪ್ಪಿಗೆ ಸಮ. ಎರಡು ಡಿಗ್ರಿಗೆ ಯಾರು ತಲೆ ಕೆಡಿಸಿಕೊಂಡಾರು? ಮೊದಲು ಬಂದವರು ಇದೇ ಅಂಕೆಯನ್ನು ನೋಡಿ ಮಣಿಗೆ ಆರೋಗ್ಯದ ಪತ್ರವನ್ನು ಕೊಟ್ಟಿದ್ದರು. ಅವರ ಅಳತೆಯಲ್ಲಿ ದೋಷವಿರಲಿಲ್ಲ. ಅಳೆದ ಸಮಯದಲ್ಲಿ ದೋಷವಿತ್ತು.

ಹೇಗೆಂದರೆ, ಅದೇ ಸಾವಿರ ಓಂ ತಂತಿಯಲ್ಲಿ ಕುಳಿತಿರುವಾಗ ಯಂತ್ರವನ್ನು ಕಾಯಿಸೋಣ. ಫಲಕವು ಹೀಟರನ್ನು ಆರಿಸುವುದು ಒಟ್ಟು ರೋಧ 2,490 ಆದಾಗ. ಅದರಲ್ಲಿ 1,000 ಕಿಲುಬಿನದು. ಮಣಿಯದು 1,490 ಮಾತ್ರ. ಪಟ್ಟಿಯನ್ನು ನೋಡಿದರೆ 1,490 ಓಂ ಎಂದರೆ 75 ಡಿಗ್ರಿ! ಫಲಕವು 60 ಎಂದು ನಂಬಿರುವಾಗ ಗಾಳಿಯು ನಿಜವಾಗಿ 75ರಲ್ಲಿ ಕುದಿಯುತ್ತಿರುತ್ತದೆ. ತಣ್ಣಗಿರುವಾಗ ಎರಡು ಡಿಗ್ರಿಯಾಗಿದ್ದ ತಪ್ಪು ಬಿಸಿಯಲ್ಲಿ ಹದಿನೈದು ಡಿಗ್ರಿಯಾಯಿತು. ಹತ್ತು ಸಾವಿರ ಸಂಬಳದವನಿಗೆ ಸಾವಿರದ ಸಾಲ ಹೊರೆಯಲ್ಲ. ಎರಡೂವರೆ ಸಾವಿರದವನನ್ನು ಅದೇ ಸಾಲ ಮುಳುಗಿಸುತ್ತದೆ. ಸಾಲ ಬೆಳೆಯಲಿಲ್ಲ, ಸಂಬಳ ಇಳಿಯಿತು.

ಆದರೆ ಆ ಸಾವಿರ ಓಂ ಮಣಿಯಲ್ಲಿದೆಯೋ ತಂತಿಯಲ್ಲಿದೆಯೋ? ಮಣಿಯನ್ನೇ ಹೊರತೆಗೆದು ಅದರ ಎರಡು ಕಾಲುಗಳ ಮೇಲೆ ಅಳೆದೆವು: ಸರಿಯಾಗಿ 10,000ದ ಸಮೀಪ. ಬಳಿಕ ಅದನ್ನು ತೆಳುವಾದ ಪ್ಲಾಸ್ಟಿಕ್ ಚೀಲದಲ್ಲಿ ನೀರು ತಗಲದಂತೆ ಇಟ್ಟು, ಬಿಸಿನೀರಿನ ಚೊಂಬಿನಲ್ಲಿ ಗಾಜಿನ ಉಷ್ಣಮಾಪಕದೊಡನೆ ಇಳಿಬಿಟ್ಟೆವು. ನೀರು ಆರುತ್ತ 60 ಡಿಗ್ರಿಗೆ ಬಂದಾಗ 2,500 ಓಂ. 50ಕ್ಕೆ ಬಂದಾಗ 3,600. ಮಣಿಯು ನಿರ್ದೋಷಿ. ಇನ್ನುಳಿದದ್ದು ತಂತಿಯ ಹಾದಿ. ನಡುವೆ ಇದ್ದ ಜೋಡಣೆಯನ್ನು ಬೆರಳಿನಿಂದ ಅಲುಗಿಸಿದಾಗ ಮೀಟರಿನ ಅಂಕೆ 600ರಿಂದ 1,400ರವರೆಗೆ ತೂಗಾಡಿತು. ಬಿಚ್ಚಿನೋಡಿದರೆ ಹಿತ್ತಾಳೆಯ ನಾಲಗೆಗಳ ಮೇಲೆ ಹಸುರುಬಣ್ಣದ ಕಿಲುಬು. ಪಕ್ಕದಲ್ಲಿಯೇ ಬಚ್ಚಲ ಹಂಡೆ. ಮುಂಜಾನೆಯಿಂದ ಅದರ ಹಬೆ, ಸಾಬೂನಿನ ನೀರಿನ ತೇವ. ಎರಡು ವರ್ಷಗಳಲ್ಲಿ ಕಿಲುಬು ಮೌನವಾಗಿ ಬೆಳೆದಿತ್ತು. ದೊಡ್ಡ ವಿದ್ಯುತ್ಪ್ರವಾಹವಿದ್ದರೆ ಇಂತಹ ತೆಳು ಪೊರೆಯನ್ನು ಅದು ಭೇದಿಸಿಕೊಂಡು ಹೋಗುವುದುಂಟು. ಮಣಿಯ ಮಂಡಲದಲ್ಲಿ ಹರಿಯುವುದು ಒಂದು ಆಂಪಿಯರಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಅಷ್ಟು ಬಡಪ್ರವಾಹಕ್ಕೆ ಪೊರೆಯೂ ಗೋಡೆಯೇ.

ಇನ್ನು ಆ ಫ್ಯೂಸು ಏಕೆ ಹೋಯಿತು? ಹೊರಹೋಗುವ ಗಾಳಿಯೇ 75 ಡಿಗ್ರಿಯಾದರೆ ಹೀಟರಿನ ಬಳಿಯ ಕಾವು ಅದಕ್ಕಿಂತ ಬಹಳ ಹೆಚ್ಚು. ಅದರ ಮೇಲೆ ನೂಲುಧೂಳಿನಿಂದ ಗಾಳಿಯ ದಾರಿ ಕಟ್ಟಿ, ಶಾಖ ಅಲ್ಲಿಯೇ ತಂಗಿತು. ಎರಡು ಕಾರಣಗಳು ಕೈಸೇರಿಸಿದಾಗ ಕೊನೆಯ ಕಾವಲುಗಾರನು ತನ್ನ ಪ್ರಾಣವನ್ನು ಕೊಟ್ಟು ಮನೆಯನ್ನು ಉಳಿಸಿದನು. ಆ ಜಾಗಕ್ಕೆ ತಂತಿಯ ತುಂಡೊಂದನ್ನು ಹಾಕಿಬಿಟ್ಟಿದ್ದರೆ ಯಂತ್ರವೇನೋ ಮತ್ತೆ ತಿರುಗುತ್ತಿತ್ತು. ರಾತ್ರಿ ಬಟ್ಟೆ ತುಂಬಿ ಎಲ್ಲರೂ ಮಲಗುವುದು ಆ ಮನೆಯ ವಾಡಿಕೆ. ಪಕ್ಕದ ಕೋಣೆಯಲ್ಲಿ, ಎದ್ದು ಓಡಲಾರದ ಅತ್ತೆಯವರು. ಒಣಗಿದ ನೂಲುಧೂಳು ಬೆಂಕಿಗೆ ಹತ್ತಿಯಂತಹ ಆಹಾರ. ಇದು ಬರಿಯ ಊಹೆಯಲ್ಲ. 2016ರ ಆಗಸ್ಟಿನಲ್ಲಿ ಲಂಡನ್ನಿನ ಷೆಫರ್ಡ್ಸ್ ಬುಷ್ ಎಂಬಲ್ಲಿ, ಹಲವು ಅಂತಸ್ತುಗಳ ವಸತಿ ಕಟ್ಟಡವೊಂದಕ್ಕೆ ಬೆಂಕಿ ಬಿದ್ದದ್ದು ಬಟ್ಟೆ ಒಣಗಿಸುವ ಯಂತ್ರವೊಂದರಿಂದಲೇ. ಅಲ್ಲಿ ದೋಷ ಬೇರೆಯ ಬಗೆಯದು. ಆದರೆ ನೂಲುಧೂಳು ಹೀಟರನ್ನು ತಲಪಿದರೆ ಏನಾಗುವುದೆಂಬ ಪಾಠ ಒಂದೇ.

ನಾವು ಕಿಲುಬು ಹಿಡಿದ ಜೋಡಣೆಯನ್ನು ಕತ್ತರಿಸಿ ಹೊಸದನ್ನು ಹಾಕಿಸಿದೆವು. ಉಜ್ಜಿ ಬಿಟ್ಟಿದ್ದರೆ ಕಿಲುಬು ಮತ್ತೆ ಬರುತ್ತಿತ್ತು. ಗಾಳಿಯ ದಾರಿಯನ್ನು ಶುಚಿಮಾಡಿ, ಅದೇ ಅಳತೆಯ ಉಷ್ಣ ಫ್ಯೂಸನ್ನು ತರಿಸಿ, ಬಲ್ಲವರಿಂದ ಕೂಡಿಸಿದೆವು. ಹಗಲಿನಲ್ಲಿ, ನಾವು ಎದುರಿಗಿದ್ದು, ಯಂತ್ರವನ್ನು ನಡೆಸಿ ಗಾಳಿಯ ಬಾಯಿಯಲ್ಲಿ ಉಷ್ಣಮಾಪಕವನ್ನು ಹಿಡಿದಾಗ ಹೀಟರು 61ರಲ್ಲಿ ಆರಿತು. ಖರ್ಚು ಹೊಸ ಫಲಕದ ಬೆಲೆಯ ಸಣ್ಣದೊಂದು ಅಂಶ. ಯಂತ್ರವನ್ನು ಬಚ್ಚಲಿನಿಂದ ದೂರ ಸರಿಸಿದೆವು. ಪ್ರತಿಸಲವೂ ಜಾಲರಿಯನ್ನು ಒರೆಸುವುದೆಂದೂ, ಎಲ್ಲರೂ ಮಲಗಿದ ಮೇಲೆ ಯಂತ್ರವನ್ನು ನಡೆಸಕೂಡದೆಂದೂ ಮನೆಯಲ್ಲಿ ಗೊತ್ತುಮಾಡಿದ್ದಾಯಿತು.

ಮನೆಯಲ್ಲಿಯೇ ಮಾಡಬಹುದಾದ ಪ್ರಯೋಗ

ವಿದ್ಯಾರ್ಥಿಗಳು ಈ ಪಾಠವನ್ನು ಯಾವ ಯಂತ್ರವನ್ನೂ ಬಿಚ್ಚದೆ ಕಲಿಯಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಅಂಗಡಿಬೀದಿಗಳಲ್ಲಿ ಬಿಡಿ ಥರ್ಮಿಸ್ಟರ್ ಅಲ್ಪಬೆಲೆಗೆ ದೊರೆಯುತ್ತದೆ. 25 ಡಿಗ್ರಿಯಲ್ಲಿ 10,000 ಓಮಿನದನ್ನು ಕೇಳಿ ತಂದು, ಮಲ್ಟಿಮೀಟರಿಗೆ ಜೋಡಿಸಿ, ಚೀಲದಲ್ಲಿಟ್ಟು ಕರಗುತ್ತಿರುವ ಮಂಜುಗಡ್ಡೆಯಲ್ಲಿ ಮುಳುಗಿಸಿರಿ. ಬಳಿಕ ಕಂಕುಳಲ್ಲಿ ಐದು ನಿಮಿಷ ಇಟ್ಟುಕೊಳ್ಳಿರಿ. ಕೊನೆಗೆ ಹಿರಿಯರೊಬ್ಬರ ಸಹಾಯದಿಂದ ಕುದಿಯುವ ನೀರಿನ ಹಬೆಗೆ ಹಿಡಿಯಿರಿ. ಬಾಣಾವರದ ಸೀಮೆ ಸಮುದ್ರಮಟ್ಟದಿಂದ ಸುಮಾರು 800 ಮೀಟರು ಎತ್ತರದಲ್ಲಿರುವುದರಿಂದ ನೀರು ಅಲ್ಲಿ 100ಕ್ಕೆ ಬದಲಾಗಿ 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ; ಮೀಟರು ಸುಮಾರು 760 ಓಂ ತೋರಿಸಬೇಕು. ಇನ್ನು 1,000 ಓಮಿನ ರೋಧವೊಂದನ್ನು ಸಾಲಿಗೆ ಸೇರಿಸಿ ಮೂರು ಅಳತೆಗಳನ್ನೂ ಮತ್ತೊಮ್ಮೆ ಮಾಡಿ, ಪ್ರತಿಯೊಂದರಲ್ಲಿಯೂ ತಪ್ಪು ಎಷ್ಟು ಡಿಗ್ರಿಯೆಂದು ಲೆಕ್ಕಹಾಕಿರಿ. ಮಂಜಿನಲ್ಲಿ ತಪ್ಪು ಒಂದು ಡಿಗ್ರಿಯನ್ನೂ ಮುಟ್ಟದು. ಹಬೆಯಲ್ಲಿ ಅದು ಎಷ್ಟಾಗುವುದೆಂಬುದನ್ನು ನೀವೇ ಕಂಡುಕೊಳ್ಳಿರಿ.

ಉಪಕರಣವೊಂದನ್ನು ಪರೀಕ್ಷಿಸುವಾಗ ಅದು ದುಡಿಯುವ ಸ್ಥಿತಿಯಲ್ಲಿಯೇ ಪರೀಕ್ಷಿಸಬೇಕೆಂಬುದು ಇದರಿಂದ ತಿಳಿಯುವ ನೀತಿ. ತಣ್ಣಗಿರುವಾಗ ಸತ್ಯವಂತನಾಗಿ ಕಾಣುವುದು ಬಿಸಿಯಲ್ಲಿ ಸುಳ್ಳುಗಾರನಾಗಬಹುದು. ಇನ್ನೊಂದು ನೀತಿಯೂ ಉಂಟು: ಫ್ಯೂಸು ಹೋದಾಗ ಅದನ್ನು ಬೈಯುವ ಮೊದಲು, ಅದು ಏಕೆ ಹೋಯಿತೆಂದು ಕೇಳಬೇಕು. ಈ ಸಲದ ಆಷಾಢದಲ್ಲಿ ನಾವು ಬಾಣಾವರಕ್ಕೆ ಹೋದಾಗ ಹೊರಗೆ ಜಡಿಮಳೆ ಹಿಡಿದಿತ್ತು. ಅತ್ತೆಯವರ ಹಾಸಿಗೆಯ ಮೇಲೆ ಆಗತಾನೆ ಒಣಗಿದ ಹಾಸುಬಟ್ಟೆಯಿತ್ತು. ಸೀದ ವಾಸನೆ ಇರಲಿಲ್ಲ.